ಗುರುನಿಷ್ಠೆಯೋ, ಗುರುವಿನ ಸ್ವಾಮ್ಯವೋ?

ಪುಟ್ಟೇನಹಳ್ಳಿಯ ಸುತ್ತಿನ ಬಡಾವಣೆಗಳಲ್ಲಿ ನಮ್ಮ ಸಮಾಜದ ಮಕ್ಕಳೂ ಇಂದು ಕರಾಟೆ, ಕುಂಗ್‌ಫು ಕಲಿಯುತ್ತಿದ್ದಾರೆ. ಆತ್ಮರಕ್ಷಣೆಯ ವಿದ್ಯೆ ಶ್ರಾವಕನಿಗೆ ನಿಷಿದ್ಧವಲ್ಲ. ಸಂಕಲ್ಪೀ ಹಿಂಸೆ ಬೇರೆ, ವಿರೋಧೀ ಹಿಂಸೆ ಬೇರೆ. ನಮ್ಮ ಆಕ್ಷೇಪಣೆ ಇರುವುದು ಇನ್ನೊಂದೆಡೆ. ತನ್ನಲ್ಲಿ ಕಲಿತವನು ಮತ್ತೊಬ್ಬರ ಬಳಿಗೆ ಹೋದರೆ ಗುರುದ್ರೋಹವೆನ್ನುವ ಶಿಕ್ಷಕರಿದ್ದಾರೆ. ಅದನ್ನೇ ಗುರುಭಕ್ತಿಯೆಂದು ನಂಬಿ ಮಕ್ಕಳನ್ನು ಗದರಿಸುವ ತಂದೆತಾಯಿಯರೂ ಇದ್ದಾರೆ.

ಇದಕ್ಕೆ ಚೀನಾದ ಸಂಪ್ರದಾಯವನ್ನು ಆಧಾರವಾಗಿ ತೋರಿಸುವುದುಂಟು. ಅಲ್ಲಿ ಶಿಷ್ಯನು ಸಾಕ್ಷಿಗಳ ಮುಂದೆ ಮಂಡಿಯೂರಿ ಗುರುವಿಗೆ ಚಹಾ ಅರ್ಪಿಸುವ 'ಬೈಶಿ' ಎಂಬ ವಿಧಿಯಿದೆ. ಗುರುವನ್ನು ಕರೆಯುವ 'ಶಿಫು' ಎಂಬ ಪದದಲ್ಲಿಯೇ ತಂದೆಯೆಂಬ ಅರ್ಥ ಅಡಗಿದೆ, ಸಹಪಾಠಿಗಳು ಅಣ್ಣತಮ್ಮಂದಿರು. ಆದರೆ ಆ ಕಟ್ಟು ಇಬ್ಬರಿಗೂ ಉಂಟು: ಶಿಷ್ಯನನ್ನು ಮಗನೆಂದು ಒಪ್ಪಿದ ಗುರು ಮಗನ ಹೊಣೆಯನ್ನೂ ಹೊರಬೇಕು. ತಿಂಗಳ ಶುಲ್ಕಕ್ಕೆ ರಸೀದಿ ಹರಿದು, ಶುಲ್ಕ ತಪ್ಪಿದೊಡನೆ ಹೆಸರು ಹೊಡೆದುಹಾಕುವವರು ಪುತ್ರಧರ್ಮವನ್ನು ಮಾತ್ರ ಕೇಳುವುದು ಯಾವ ನ್ಯಾಯ?

ನಮ್ಮ ನೆಲದ ಪರಂಪರೆಯನ್ನೇ ನೋಡೋಣ. ಗಂಗರ ಸೇನಾಪತಿ, 'ಸಮರಪರಶುರಾಮ'ನೆನಿಸಿದ ಚಾವುಂಡರಾಯನಿಗಿಂತ ಮಿಗಿಲಾದ ವೀರಶಿಷ್ಯ ಬೇಕೆ? ಅವನ ಗುರು ಅಜಿತಸೇನಾಚಾರ್ಯರು. ಅವನಿಗೆ ಸಿದ್ಧಾಂತವನ್ನು ಬೋಧಿಸಿದವರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು. ಇವರು ಮುನಿದರೇ? ಅವನಿಗಾಗಿಯೇ ರಚಿಸಿದ ಗೊಮ್ಮಟಸಾರದಲ್ಲಿ ಅಜಿತಸೇನರನ್ನೇ ಅವನ ಗುರುವೆಂದು ಕೊಂಡಾಡಿದರು! ನೇಮಿಚಂದ್ರರು ತಾವೂ ಅಭಯನಂದಿ, ವೀರನಂದಿ, ಇಂದ್ರನಂದಿಗಳೆಲ್ಲರನ್ನೂ ಗುರುಗಳೆಂದು ವಂದಿಸಿದವರು. ಅದು ಶಾಸ್ತ್ರದ ಮಾತು, ವರಸೆಯದಲ್ಲ ಎನ್ನುವವರುಂಟು. ಆತ್ಮಕಲ್ಯಾಣದ ವಿದ್ಯೆಗೇ ಇಲ್ಲದ ಬೇಲಿ ಗುದ್ದು-ಒದೆಗಳಿಗೆ ಏತಕ್ಕೆ?

ಶಿಷ್ಯನಿಗೆ ಕಟ್ಟುಪಾಡೇ ಇಲ್ಲವೆಂದಲ್ಲ. ಯಾರಿಂದ ಕಲಿತೆನೋ ಅವರ ಹೆಸರನ್ನು ಮರೆಮಾಚದಿರುವುದು 'ಅನಿಹ್ನವ'. ಅದು ಜ್ಞಾನಾಚಾರದ ಎಂಟು ಅಂಗಗಳಲ್ಲೊಂದು. ಹೊಸ ಗುರುವಿನ ಮುಂದೆ ಹಳೆಯ ಗುರುವನ್ನು ಹಳಿದವನು ನಿಜಕ್ಕೂ ದ್ರೋಹಿ. ಆದರೆ ತತ್ತ್ವಾರ್ಥಸೂತ್ರದ 6ನೇ ಅಧ್ಯಾಯವು ಜ್ಞಾನಾವರಣದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ನಿಹ್ನವದೊಡನೆಯೇ ಮಾತ್ಸರ್ಯವನ್ನೂ ಅಂತರಾಯವನ್ನೂ ಎಣಿಸಿದೆ. ಕಲಿಸಬಲ್ಲುದನ್ನು ಬಚ್ಚಿಡುವುದು ಮಾತ್ಸರ್ಯ. ಮತ್ತೊಬ್ಬರ ಕಲಿಕೆಗೆ ಅಡ್ಡ ಬರುವುದು ಅಂತರಾಯ. ಶಿಷ್ಯನ ದೋಷವನ್ನು ಎಣಿಸುವವರು ಈ ಎರಡನ್ನು ಏಕೆ ಓದುವುದಿಲ್ಲ?

ಇಂತಹ ತರಗತಿಗಳಿಗೆ ಸಭಾಭವನ ಕೊಡುವ ಬಸದಿ ಟ್ರಸ್ಟುಗಳು ಬಾಡಿಗೆಯನ್ನಷ್ಟೇ ಮಾತನಾಡಿದರೆ ಸಾಲದು. ಬೇರೆಡೆ ಕಲಿಯದಂತೆ ಮಕ್ಕಳಿಂದ ಆಣೆ-ಪ್ರಮಾಣ ಮಾಡಿಸಕೂಡದೆಂಬ ಷರತ್ತನ್ನು ಕರಾರಿನಲ್ಲಿಯೇ ಬರೆಸಲಿ. ಒಪ್ಪದ ಶಿಕ್ಷಕರು ಬೇರೆ ಜಾಗ ನೋಡಿಕೊಳ್ಳಲಿ.