ಚೆರ್ರಿ ಬ್ಯಾಡ್ರಿ, ಕಕ್ಕಿ ಹಚ್ರಿ

ನಮ್ಮ ತಂಗಿ ಹೋದ ವರ್ಷ ಗಂಗಾವತಿ ಮನಿ ಮುಂದ ಜೋಲು ಚೆರ್ರಿ ಹಚ್ಚಿದ್ಲು. ಮೊಬೈಲ್‌ನ್ಯಾಗ ಫೋಟೊ ನೋಡಿ ತರಿಸಿದ್ದು. ದಿನಾ ಎರಡು ಕೊಡ ನೀರು, ಹಳೇ ಸೀರಿ ಕಟ್ಟಿ ನೆಳ್ಳು. ಏಪ್ರಿಲ್‌ದಾಗ ಒಣಗಿ ಕಟಗಿ ಆತು. "ನನ್ನ ಕೈಗುಣನ ಸರಿ ಇಲ್ಲಕ್ಕಾ" ಅಂತ ಅತ್ಲು. ನನಗ ಸಿಟ್ಟು ಬಂದದ್ದು ಇದಕ್ಕ.

ಕೈಗುಣದ ಮಾತಲ್ಲ ಅದು. ಚೆರ್ರಿ ಮೊಗ್ಗಿ ಒಡೀಬೇಕಂದ್ರ ಚಳಿಗಾಲದಾಗ ನೂರಾರು ತಾಸು 7 ಡಿಗ್ರಿ ಆಸುಪಾಸಿನ ಥಂಡಿ ಬೇಕು. ಕೊಪ್ಪಳ, ಕುಷ್ಟಗಿ, ಯಲಬುರ್ಗಾದಾಗ ಅದು ಎಲ್ಲಿಂದ ಬರಬೇಕ್ರಿ? ಬೆಂಗಳೂರಾಗ ಮಂದಿ ಚೆರ್ರಿ ಅಂತ ಫೋಟೊ ಹೊಡಕೊಳ್ಳೋ ಗುಲಾಬಿ ಬಣ್ಣದ ಹೂವೂ ಚೆರ್ರಿ ಅಲ್ಲ, ಟಬೆಬುಯಾ. ಮಾರೋವ್ರು ಇದನ್ನೆಲ್ಲ ಹೇಳಂಗಿಲ್ಲ, ರೊಕ್ಕ ಎಣಿಸ್ಕೊಂತಾರ.

ಜೋತು ಬೀಳೋ ಹೂವ ಬೇಕಂದ್ರ ಕಕ್ಕಿ ಗಿಡ ಐತಲ್ಲ! ಬ್ಯಾಸಿಗ್ಯಾಗ ನಾವೆಲ್ಲ ಬಾಡಿ ಕುಂತಾಗ ಅದು ಬಂಗಾರದ ಝುಮಕಿ ಬಿಡತೈತಿ. ಬೀಜದ ಸಿಪ್ಪಿ ಭಾಳ ಗಟ್ಟಿ. ಕಲ್ಲಿಗೆ ತಿಕ್ಕಿ, ಒಂದು ರಾತ್ರಿ ನೀರಾಗ ನೆನಸಿ ಊರ್ರಿ. ನೀರು ನಿಲ್ಲೋ ಜಾಗ ಬ್ಯಾಡ. ಹೂವಿಗೆ ಕೆಲವು ವರ್ಷ ತಡೀಬೇಕು, ಅದನ್ನ ನಾ ಮುಚ್ಚಿಡಂಗಿಲ್ಲ. ತಂಗಿ ಮನ್ಯಾಗ ಚೆರ್ರಿ ಕಿತ್ತ ತಗ್ಗು ಹಂಗ ಐತಿ. ಈ ಸಲ ಹೋಗುವಾಗ ಬೀಜ ಒಯ್ತೀನಿ.