ಎಚ್. ಎಂದರೆ ಊರು, ಸ್ವಾಮಿ

‘ಒಂದು ಸರ್‌ನೇಮ್ ಇಟ್ಟುಕೊಂಡರೆ ನಿಮ್ಮ ಗಂಟೇನು ಹೋಗುತ್ತೆ?’ ಪಾಸ್‌ಪೋರ್ಟ್‌ನಲ್ಲಿ ಹೆಸರು ಸರಿಮಾಡಿಸಲು ಒದ್ದಾಡುವವರಿಗೆ ಹೀಗೆ ಬುದ್ಧಿ ಹೇಳುವವರು ಈಗ ಬೀದಿಗೊಬ್ಬರು. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ ಎಂದಿತಲ್ಲ, ಆಗಿನಿಂದ ಇವರ ದನಿ ಇನ್ನೂ ಏರಿದೆ. ಇನ್ನೊಂದು ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೂ ಸಾಕು ಎಂದು ಯುಎಇ ಆಮೇಲೆ ಸಡಿಲಿಸಿದ್ದನ್ನು ಮಾತ್ರ ಇವರು ಹೇಳುವುದಿಲ್ಲ. ಅರಬ್ಬರಿಗೆ ಅರ್ಥವಾದದ್ದು ನಮ್ಮವರಿಗೆ ಆಗಲಿಲ್ಲ.

ನಮ್ಮ ದೊಡ್ಡಮ್ಮನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್. ಎಚ್. ಎಂದರೆ ಊರು, ಎನ್. ಎಂದರೆ ಅಪ್ಪ. ಪಾಸ್‌ಪೋರ್ಟ್‌ಗೆ ಇನಿಷಿಯಲ್ ನಡೆಯದು, ಬಿಡಿಸಿ ಬರೆಯಬೇಕು. ಬರೆದರು. ಕೌಂಟರಿನ ಹುಡುಗ ‘ಇದರಲ್ಲಿ ಸರ್‌ನೇಮ್ ಯಾವ್ದಮ್ಮ?’ ಎಂದ. ‘ಕೊನೇದೊಂದೇ ನಂದು ಕಣಪ್ಪ, ಮಿಕ್ಕಿದ್ದು ಊರಿಂದು, ಅಪ್ಪಂದು.’ ಆತ ಅಪ್ಪನನ್ನು ಸರ್‌ನೇಮ್ ಕಾಲಂಗೆ ತಳ್ಳಿದ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಾಗ, ತೀರಿಹೋಗಿ ಮೂವತ್ತು ವರ್ಷವಾದ ನಮ್ಮ ತಾತನ ಹೆಸರಿಗೆ ‘ಮಿಸೆಸ್’ ಸೇರಿಸಿ ವಿಮಾನ ನಿಲ್ದಾಣದಲ್ಲಿ ಕೂಗಿದರು. ದೊಡ್ಡಮ್ಮ ಕೂತಲ್ಲಿಂದ ಏಳಲಿಲ್ಲ. ಯಾಕೆ ಏಳಬೇಕು?

ಕುವೆಂಪು ಎಂಬ ಮೂರಕ್ಷರ ಬಿಡಿಸಿ ನೋಡಿ. ಊರು ಕುಪ್ಪಳಿ, ತಂದೆ ವೆಂಕಟಪ್ಪ, ಮಗ ಪುಟ್ಟಪ್ಪ. ಇದರಲ್ಲಿ ಸರ್‌ನೇಮ್ ಯಾವುದು, ಹುಡುಕಿ ಕೊಡಿ.

ತಿದ್ದಿಸಿಕೊಳ್ಳಬಹುದಲ್ಲ ಎನ್ನುತ್ತೀರಿ. ಪಾಸ್‌ಪೋರ್ಟ್‌ನಲ್ಲಿ ತಿದ್ದುವುದೆಂಬುದೇ ಇಲ್ಲ. ಹೆಸರಿರಲಿ, ವಿಳಾಸವಿರಲಿ, ಗಂಡನ ಹೆಸರು ಸೇರಿಸುವುದಿರಲಿ, ಹೊಸ ಪುಸ್ತಕವೇ ಆಗಬೇಕು. ಅದಕ್ಕೆ ರೀ-ಇಶ್ಯೂ ಎಂಬ ನಾಮಕರಣ. 36 ಪುಟದ್ದಕ್ಕೆ 1,500 ರೂಪಾಯಿ. ಅವಸರವಿದ್ದರೆ ತತ್ಕಾಲ್‌ಗೆಂದು ಮೇಲೆ 2,000. ಒಂದಕ್ಷರಕ್ಕೂ 1,500, ಇಡೀ ಹೆಸರಿಗೂ 1,500! ಹೆಸರೇ ಬೇರೆಯಾದರೆ ಅಫಿಡವಿಟ್ಟು, ಪತ್ರಿಕಾ ಜಾಹೀರಾತು. ತಾನು ತಾನೇ ಎಂದು ಊರಿಗೆಲ್ಲ ಡಂಗುರ ಸಾರಬೇಕು, ಅದೂ ಸ್ವಂತ ಖರ್ಚಿನಲ್ಲಿ.

ಹೆಂಗಸರ ಪಾಡಂತೂ ಕೇಳಬೇಡಿ. ಮದುವೆಯಾದ ಮೇಲೆ ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಿಸಬೇಕಿಲ್ಲ ಎಂದು 2017ರಲ್ಲಿ ಪ್ರಧಾನಿಯೇ ಹೇಳಿದ್ದರು. ಹೆಂಡತಿಯ ಅರ್ಜಿಗೆ ಗಂಡನ ಸಹಿ ಬೇಕಿಲ್ಲ ಎಂದು ಹೇಳಲು 2025ರಲ್ಲಿ ಮದ್ರಾಸ್ ಹೈಕೋರ್ಟೇ ಬರಬೇಕಾಯಿತು.

ಇನ್ನೊಂದನ್ನು ಹೇಳದಿದ್ದರೆ ನನಗೆ ಅನ್ನ ಸೇರದು. ಆ ಪುಸ್ತಕದಲ್ಲಿ ಹಿಂದಿ ಇದೆ, ಇಂಗ್ಲಿಷ್ ಇದೆ, ಕನ್ನಡಕ್ಕೆ ಮೂಲೆಯೂ ಇಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಪ್ರಯೋಗ 2017ರ ಜನವರಿಯಲ್ಲಿ ಶುರುವಾದದ್ದು ಗುಜರಾತಿನ ದಾಹೋದ್ ಜತೆಗೆ ನಮ್ಮ ಮೈಸೂರಿನಲ್ಲಿ. ಪ್ರಯೋಗಕ್ಕೆ ಮೈಸೂರು ಬೇಕು, ಮೈಸೂರಿನವರು ಹೆಸರಿಡುವ ಪದ್ಧತಿ ಬೇಡ!

ವಿದೇಶಾಂಗ ಸಚಿವಾಲಯ ಅರ್ಜಿಯಲ್ಲಿ ಊರಿಗೊಂದು, ಅಪ್ಪ ಅಥವಾ ಅಮ್ಮನ ಹೆಸರಿಗೊಂದು ಕಾಲಂ ಹಾಕಲಿ. ಸರ್‌ನೇಮ್ ಕಾಲಂನಿಂದಾದ ಎಡವಟ್ಟನ್ನು ಬಿಡಿಗಾಸು ಕೇಳದೆ ಸರಿಮಾಡಿಕೊಡಲಿ. ದೊಡ್ಡಮ್ಮನ ಪಾಸ್‌ಪೋರ್ಟ್ ಅವಧಿ ಮುಗಿಯಲು ಇನ್ನೂ ನಾಲ್ಕು ವರ್ಷವಿದೆ. ಅಲ್ಲಿಯವರೆಗೆ ವಿಮಾನ ಹತ್ತುವಾಗೆಲ್ಲ ಅವರು ತಮ್ಮ ಅಪ್ಪನ ಹೆಂಡತಿ.