ಶಿಶುಶಿಕ್ಷಕಿಯರ ಶಿಕ್ಷಣ

ಮಗುವಿನ ಮೆದುಳಿನ ಬೆಳವಣಿಗೆಯಲ್ಲಿ ನೂರಕ್ಕೆ 85 ಪಾಲಿಗೂ ಹೆಚ್ಚು ಆರನೆಯ ವಯಸ್ಸಿನೊಳಗೇ ಆಗುವುದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾರಿದೆ. ಹಾಗಾದರೆ ಆ ವಯಸ್ಸಿನ ಮಕ್ಕಳನ್ನು ತಿದ್ದತಕ್ಕ ಅಂಗನವಾಡಿ ಕಾರ್ಯಕರ್ತೆಯರ ಶಿಕ್ಷಣಕ್ಕೆ ಅದು ಮಾಡಿರುವ ಏರ್ಪಾಡೇನು? ಹನ್ನೆರಡನೆಯ ತರಗತಿ ಮುಗಿಸಿದವರಿಗೆ 6 ತಿಂಗಳ, ಉಳಿದವರಿಗೆ 1 ವರ್ಷದ ಪಾಠಕ್ರಮ. ಅದೂ ಬಹುಮಟ್ಟಿಗೆ ದೂರದರ್ಶನ, ಮೊಬೈಲುಗಳ ಮೂಲಕ. ಮುಖಾಮುಖಿ ಪಾಠವು ತಿಂಗಳಿಗೊಮ್ಮೆಯಾದರೂ ಇರಬೇಕಂತೆ! 2023ರಲ್ಲಿ ಆರಂಭವಾದ ‘ಪೋಷಣ್ ಭೀ ಪಢಾಯಿ ಭೀ’ ತರಬೇತಿಯೂ ಕೆಲವೇ ದಿನಗಳದು.

ಮಗುವಿನ ಮನಸ್ಸನ್ನರಿಯುವ ವಿದ್ಯೆಯು ತೆರೆಯನ್ನು ನೋಡಿದ ಮಾತ್ರಕ್ಕೆ ಕೈವಶವಾಗತಕ್ಕದ್ದಲ್ಲ. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು, 1925ರಲ್ಲಿ ಉಪಾಧ್ಯಾಯರಿಗಾಗಿ ಅಧ್ಯಾಪನಮಂದಿರವನ್ನೂ ಸ್ಥಾಪಿಸಿದುದು ಈ ಮರ್ಮವನ್ನರಿತೇ.

ಅಡಿಗೆಯ ಮೇಲ್ವಿಚಾರಣೆ, ಮಕ್ಕಳ ತೂಕ, ಲೆಕ್ಕದ ದಾಖಲೆ ಇವೆಲ್ಲವನ್ನೂ ಗೌರವಧನಕ್ಕೆ ನಿರ್ವಹಿಸುವ ಹೆಣ್ಣುಮಗಳು, ಮನೆಗೆ ಬಂದು ದೀಪದಡಿಯಲ್ಲಿ ಪಾಠ ಕಲಿಯಲೆಂಬುದು ನ್ಯಾಯವೇ? ಕಲಿಕೆಯೂ ಕೆಲಸದ ಭಾಗವೆಂದೆಣಿಸಿ ಅದಕ್ಕೆ ದಿನಗಳನ್ನೂ ವೇತನವನ್ನೂ ಗೊತ್ತುಪಡಿಸಬೇಕು. ನುರಿತ ಶಿಕ್ಷಕಿಯರು ಕೇಂದ್ರಕ್ಕೇ ಬಂದು, ಮಕ್ಕಳ ನಡುವೆ ಕುಳಿತು ಕಲಿಸಬೇಕು ಎಂಬುದು ನಮ್ಮ ಅಭಿಮತ. ತಳಹದಿಗೆ ಜಿಪುಣತನ ತೋರಿ ಗೋಪುರಕ್ಕೆ ಕಲಶವಿಡುವುದು ವಿವೇಕವಲ್ಲ.